ಬನಹಟ್ಟಿಯಲ್ಲಿ ನಡೆದ ಶಾಂತಿ ಸಮ್ಮೇಳನ

ಪ್ರಾಚಾರ್ಯರು ನನಗೆ ಶುಂಠಿ ಚಹಾ ತರಿಸಿದರು. ಅಲ್ಲಿಂದಲೇ ನನ್ನ ಸಂಶಯ ಶುರುವಾಯಿತು. ಅಷ್ಟು ವರ್ಷ ಅವರ ಕೋಣೆಯಲ್ಲಿ ನಿಂತೇ ಮಾತಾಡಿ ಬಂದವಳು ನಾನು. ಅಂದು ನನಗೊಂದು ಕುರ್ಚಿ, ಚಹಾ, ಜೊತೆಗೆ ಬಿಸ್ಕೀಟು.

"ಕುಂದರ್ರಿ ಮೇಡಂ, ಆರಾಮ ಕುಂದರ್ರಿ. ವಿಷಯ ಏನಂದ್ರ, ಆಡಳಿತ ಮಂಡಳಿಯವರು ಒಂದು ವಿಚಾರ ಮಾಡಾಕತ್ತಾರ. ಇತಿಹಾಸ ತಗೊಳ್ಳೋ ಹುಡುಗರು ಕಡಿಮಿ ಆಗ್ಯಾರ. ಬರೂ ವರ್ಷದಿಂದ ಆ ವಿಭಾಗ ಇಡಬೇಕೋ ಬ್ಯಾಡೋ ಅಂತ. ಇನ್ನೂ ಏನೂ ನಿರ್ಧಾರ ಆಗಿಲ್ಲ ಮತ್ತ! ಅಧ್ಯಕ್ಷರು ಒಂದು ದಿನ ಬಂದು ನಿಮ್ಮ ಹುಡುಗರನ್ನ ನೋಡತೀನಿ ಅಂದಾರ. ಏನರ ಒಂದು ಛಲೋ ಕಾರ್ಯಕ್ರಮ ಇಟ್ಕೋರಿ. ನೋಡಿದ ಮ್ಯಾಲ ನಿರ್ಧಾರ."

ನಾನು ಬನಹಟ್ಟಿಯ ಆ ಕಾಲೇಜಿನಲ್ಲಿ ತಾತ್ಕಾಲಿಕ ಉಪನ್ಯಾಸಕಿ. ಇತಿಹಾಸಕ್ಕೆ ಇದ್ದವಳು ನಾನೊಬ್ಬಳೇ. ವಿಭಾಗ ಹೋದರೆ ನಾನೂ ಹೋದೆ ಎಂದೇ ಅರ್ಥ. ಹೀಗಾಗಿ "ಇನ್ನೂ ಏನೂ ನಿರ್ಧಾರ ಆಗಿಲ್ಲ" ಎಂಬ ಮಾತನ್ನು ಚಹಾ ಮುಗಿಯುವವರೆಗೂ ತಿರುವಿ ತಿರುವಿ ನೋಡಿದೆ. ಯುದ್ಧಗಳ, ಸಂಧಿಗಳ ಪಾಠ ಮಾಡುವವಳಿಗೆ ಅಂಥ ಮಾತಿನ ಪರಿಚಯ ಚೆನ್ನಾಗಿಯೇ ಇರುತ್ತದೆ. ನಿರ್ಧಾರ ಆಗಿಲ್ಲವೆಂದು ಒತ್ತಿ ಹೇಳಬೇಕಾಗಿ ಬರುವುದು ಹೆಚ್ಚಾಗಿ ನಿರ್ಧಾರ ಆದ ಮೇಲೆಯೇ.

ರಬಕವಿಯ ಮನೆಗೆ ಬಂದು ಅವ್ವನಿಗೆ ಹೇಳಿದೆ. ಅವಳು ನನ್ನ ಸ್ವಭಾವ ಬಲ್ಲವಳು. "ನಿನಗ ಹಾಲು ಕೊಟ್ರೂ ಇದರಾಗ ನೀರೆಷ್ಟು ಅಂತ ಕೇಳ್ತಿ. ಅವರು ನೋಡತೀನಿ ಅಂದ್ರ ತೋರಸು" ಎಂದಳು. ತೋರಿಸುವುದೆಂದು ನಾನೂ ತೀರ್ಮಾನಿಸಿದೆ. ನನ್ನ ಕೈಯಲ್ಲಿ ಉಳಿದದ್ದೂ ಅದೊಂದೇ.

ಅಂತಿಮ ವರ್ಷದವರಿಗೆ ಆಗ ಮೊದಲ ಮಹಾಯುದ್ಧದ ನಂತರದ ಶಾಂತಿ ಒಪ್ಪಂದಗಳ ಪಾಠ ನಡೆದಿತ್ತು. ಯಾವ ದೇಶ ಯಾವ ಪ್ರಾಂತ ಕಳೆದುಕೊಂಡಿತು, ಯಾರಿಗೆ ಯಾವುದು ಸಿಕ್ಕಿತು ಎಂಬುದನ್ನು ಗೈಡಿನಲ್ಲಿ ಇದ್ದಂತೆ ನಮ್ಮ ಮಕ್ಕಳು ಗಡಗಡ ಒಪ್ಪಿಸುತ್ತಾರೆ. "ಹೌದಪ್ಪಾ, ಆದರೆ ಆ ಗೆರೆಯನ್ನು ಎಳೆದವರು ಯಾರು? ಅಲ್ಲಿಯೇ ಯಾಕೆ ಎಳೆದರು? ಒಂದು ಗೇಣು ಆಚೆ ಯಾಕಿಲ್ಲ?" ಎಂದು ಕೇಳಿದರೆ ಎಲ್ಲರೂ ಫ್ಯಾನು ನೋಡುತ್ತಾರೆ. ಅದಕ್ಕೇ ಭಾಷಣ, ಪ್ರಬಂಧ ಯಾವುದೂ ಬೇಡ, ಸಮ್ಮೇಳನವನ್ನೇ ನಡೆಸೋಣ ಎಂದುಕೊಂಡೆ. ಗೆದ್ದವರು, ಸೋತವರು ಎದುರುಬದುರು ಕೂತು ಎಲ್ಲರ ಮುಂದೆ ಗಡಿ ಹಾಕಬೇಕು, ಕೊನೆಗೆ ಸಹಿ ಮಾಡಬೇಕು. ಅದನ್ನೇ ಅಧ್ಯಕ್ಷರು ನೋಡಲಿ.

ಇಡೀ ಯುರೋಪು ನಮ್ಮ ಹಾಲಿನಲ್ಲಿ ಹಿಡಿಸುವುದಿಲ್ಲವಾದ್ದರಿಂದ ಒಂದೇ ತುಂಡು ಆರಿಸಿಕೊಂಡೆ. ಅದು ಆಸ್ಟ್ರಿಯಾ ಮತ್ತು ಇಟಲಿ ನಡುವಿನ ಆಲ್ಪ್ಸ್ ಬೆಟ್ಟಸಾಲು. ಆಸ್ಟ್ರಿಯಾ ಸೋತಿತ್ತು, ಇಟಲಿ ಗೆದ್ದವರ ಪಂಕ್ತಿಯಲ್ಲಿತ್ತು. ಬೆಟ್ಟದ ಏಣಿನವರೆಗೂ, ಅಂದರೆ ನೆತ್ತಿಯ ಸಾಲಿನವರೆಗೂ, ನೆಲ ತನಗೆ ಬೇಕು, ಎತ್ತರದಲ್ಲಿ ಗಡಿಯಿದ್ದರೆ ಕಾಯಲು ಸುಲಭ ಎಂದು ಇಟಲಿ ಕೇಳಿತು. ಆದರೆ ಏಣಿನ ಈಚೆಗೂ, ಇಟಲಿಯ ಕಡೆಯ ಕಣಿವೆ ಕಣಿವೆಗಳಲ್ಲಿ ಇದ್ದವರು ಜರ್ಮನ್ ಮಾತಾಡುವ ಜನ. ಭಾಷೆ ನೋಡಿ ಗಡಿ ಹಾಕುತ್ತೇವೆಂದು ದೊಡ್ಡ ದೇಶದವರು ಸಾರಿದ್ದರು. ಬೇರೆ ಕೆಲವು ಕಡೆ ಜನಮತವನ್ನೂ ಕೇಳಿದರು. ಇಲ್ಲಿ ಮಾತ್ರ ಕೇಳಲಿಲ್ಲ. ಗೆರೆ ಏಣಿನ ಮೇಲೆಯೇ ಬಿತ್ತು. ಯಾಕೆ ಬಿತ್ತು ಎಂಬುದನ್ನು ನಾನು ಮಕ್ಕಳಿಗೆ ಹೇಳಲಿಲ್ಲ. ಅವರೇ ಕೂತು, ಜಗಳಾಡಿ, ತಲೆ ಕೆರೆದುಕೊಂಡ ಮೇಲೆ ಕೊನೆಯ ದಿನ ಹೇಳುವುದೆಂದು ಸೆರಗಿನ ಗಂಟಿನಲ್ಲಿ ಕಟ್ಟಿಟ್ಟುಕೊಂಡೆ.

ಪಾತ್ರಗಳು ನಾಲ್ಕು. ಜಮಖಂಡಿಯಿಂದ ಬರುವ, ವ್ಯಾಪಾರದ ಮನೆಯ ಹುಡುಗ ಸಭಾಪತಿ, ಅಂದರೆ ಗೆದ್ದ ದೊಡ್ಡ ದೇಶಗಳ ಪರವಾಗಿ ಗೆರೆ ಹಾಕುವವನು. ಮುಧೋಳದ ಹತ್ತಿರ ಕಬ್ಬಿನ ಹೊಲವಿರುವ ಮನೆಯ ಹುಡುಗ ಇಟಲಿ. ತೇರದಾಳದ ಹುಡುಗಿ ಆಸ್ಟ್ರಿಯಾ. ನಾಲ್ಕನೆಯದು ಆ ಬೆಟ್ಟದ ಕುರಿಗಾರರು. ಏಣಿನ ದಕ್ಷಿಣಕ್ಕೆ ಅವರ ಮನೆ, ಉತ್ತರಕ್ಕೆ ಅವರ ಬೇಸಿಗೆಯ ಹುಲ್ಲುಗಾವಲು. ಪ್ರತಿ ವರ್ಷ ಹಿಮದ ಮೇಲೆ ಕುರಿ ಹೊಡೆದುಕೊಂಡು ಏಣು ದಾಟುವ ಜನ. ಆ ಪಾತ್ರವನ್ನು ಬೀಳಗಿ ಕಡೆಯಿಂದ ಬಸ್ಸಿನಲ್ಲಿ ಬರುವ ಹುಡುಗಿಗೆ ಕೊಟ್ಟೆ. ಅವಳದು ಬೀರಪ್ಪ ದೇವರಿಗೆ ನಡೆದುಕೊಳ್ಳುವ ಕುರಿಗಾರ ಮನೆತನ.

ತೇರದಾಳದವಳು ಮೊದಲ ದಿನವೇ ಎದ್ದು ನಿಂತಳು. "ಸೋಲೂದು ನಾನ ಯಾಕ್ರಿ ಮೇಡಂ? ಇವನ್ನ ಸೋಲಸ್ರಿ."

"ಯಾರಾದರೂ ಸೋಲಬೇಕಲ್ಲವ್ವಾ."

"ಹಂಗಾರ ಚೀಟಿ ಎತ್ರಿ."

ಚೀಟಿ ಎತ್ತಿದೆವು. ಅದರಲ್ಲೂ ಅವಳೇ ಸೋತಳು. ಬೀಳಗಿಯವಳಿಗೆ ನಕ್ಕು ನಕ್ಕು ಸಾಕಾಯಿತು. "ಕುರಿ ಕಾಯೂ ಪಾರ್ಟಿಗೆ ನನಗ ಪ್ರ್ಯಾಕ್ಟೀಸ್ ಬ್ಯಾಡ್ರಿ ಮೇಡಂ, ನಾ ಹುಟ್ಟಿದಾಗಿಂದ ಅದನ್ನ ಮಾಡೀನಿ" ಎಂದಳು. ತಡವಾಗಿ ಬರುವುದು, ಬಂದ ಮೇಲೆ ಬಸ್ಸನ್ನು ಬೈಯುವುದು, ಬೈದು ಮುಗಿಸಿ ನಗುವುದು ಅವಳ ದಿನಚರಿಯಾಗಿತ್ತು.

ನಕ್ಷೆ ಬರೆಯಲು ಕೋರಾ ಬಟ್ಟೆ ಬಳಸಿದೆವು. ಮಗ್ಗದಿಂದ ಇಳಿಸಿದ, ಇನ್ನೂ ಒಗೆಯದ ಬಿಳಿ ಬಟ್ಟೆಗೆ ನಮ್ಮಲ್ಲಿ ಬರವಿಲ್ಲ. ಬೆಟ್ಟ, ಕಣಿವೆ, ನದಿ ಎಲ್ಲವನ್ನೂ ಅಳತೆ ಹಿಡಿದು ಬರೆದು, ಮಡಿಕೆ ಹೋಗಲಿ ಎಂದು ನೀರು ಚಿಮುಕಿಸಿ ಬಿಸಿಲಿಗೆ ಎಳೆದು ಕಟ್ಟಿದೆವು. ಸಂಜೆ ಹೋಗಿ ನೋಡಿದರೆ ಬಟ್ಟೆ ಕುಗ್ಗಿತ್ತು. ಗಂಜಿ ಬಿಟ್ಟುಕೊಂಡು ನದಿ ಸೊಟ್ಟಗಾಗಿತ್ತು, ಬೆಟ್ಟಸಾಲು ಇಟಲಿಯ ಕಡೆ ಜರುಗಿತ್ತು. ಮುಧೋಳದವ "ನನ್ನ ದೇಶ ಸಣ್ಣದಾತ್ರಿ, ಮೊದಲ ಅದಕ್ಕ ಪರಿಹಾರ ಕೊಡ್ರಿ" ಎಂದು ಮೇಜು ಬಡಿದ. ಮನೆಯಲ್ಲಿ ಹೇಳಿದರೆ ಅವ್ವ ಹಣೆ ಬಡಿದುಕೊಂಡಳು. "ಇಡೀ ಊರಿಗೆ ಊರ ನೇಯತೈತಿ, ಕೋರಾ ಬಟ್ಟಿ ನೀರು ಕಂಡ್ರ ಕುಗ್ಗತೈತಿ ಅನ್ನೂದು ಒಬ್ಬರಿಗೂ ನೆನಪಾಗಲಿಲ್ಲೇನ?" ನೆನಪಾಗಲಿಲ್ಲ, ಯಾಕೆಂದರೆ ನೇಯ್ದು ಕೊಡುವುದಷ್ಟೇ ನಮ್ಮ ಕೆಲಸ. ಒಗೆಯುವವರು, ಉಡುವವರು, ಕುಗ್ಗಿತೆಂದು ಬೈಯುವವರು ಎಲ್ಲೋ ದೂರದ ಊರಿನವರು. ಒಗೆದು ಒಣಗಿಸಿದ ಬಟ್ಟೆಯ ಮೇಲೆ ಇಡೀ ಆಲ್ಪ್ಸ್ ಪರ್ವತವನ್ನು ಮತ್ತೆ ಬರೆದೆವು.

ಗಡಿಗೆ ಕೆಂಪು ನೂಲು ಇಟ್ಟೆವು. ಟಾಚಣಿ ಪಿನ್ನು ಚುಚ್ಚಿ ಹಿಡಿಸಿದ ಆ ನೂಲನ್ನು ಸಭಾಪತಿ ಎಲ್ಲಿ ಬೇಕಾದರೂ ಸರಿಸಬಹುದು, ಆದರೆ ಸರಿಸುವ ಮೊದಲು ಕಾರಣ ಹೇಳಬೇಕು. ಭಾಷೆಯೋ, ನದಿಯೋ, ರೈಲೋ, ರಕ್ಷಣೆಯೋ ಎಂದು ಗಟ್ಟಿಯಾಗಿ ಹೇಳಬೇಕು. ಯಾವ ಯಾವ ಊರು ಆ ಕಡೆಯಿಂದ ಈ ಕಡೆಗೆ ಬಂತೆಂದು ಓದಬೇಕು. ಇನ್ನೊಂದು ನಿಯಮವನ್ನು ಬೋರ್ಡಿನ ಮೇಲೆಯೇ ಬರೆದೆ. ಮಾತು ಏನಿದ್ದರೂ ಎಲ್ಲರ ಮುಂದೆ, ಹಿಂದಿನ ಬಾಗಿಲಲ್ಲಿ ಬೇಡ. ಬರೆದು ತಿರುಗಿದಾಗ ಜಮಖಂಡಿಯವ ಮುಧೋಳದವನನ್ನು ನೋಡುತ್ತಿದ್ದ. ಆಗ ಅದಕ್ಕೆ ಹೆಚ್ಚು ಅರ್ಥ ಹಚ್ಚಲಿಲ್ಲ.

ಮೊದಲ ಕೆಲವು ತಾಲೀಮುಗಳು ನಿಜಕ್ಕೂ ಚೆನ್ನಾಗಿದ್ದವು. ಸೋಲಲು ಒಪ್ಪದಿದ್ದ ತೇರದಾಳದವಳು ಸೋತ ದೇಶದ ವಕೀಲಿಯನ್ನು ಹಲ್ಲು ಕಚ್ಚಿ ಮಾಡಿದಳು. "ಸೋತವರು ನಾವು ಖರೆ. ಆದ್ರ ಈ ಕಣಿವಿಯೊಳಗಿನ ಮಂದಿ ಯಾರ ಭಾಷಾ ಮಾತಾಡತಾರ? ಅವರನ್ನ ಕೇಳ್ರಿ. ಓಟು ಹಾಕಸ್ರಿ!" ಮುಧೋಳದವ ರಕ್ಷಣೆಯೆಂದ. ಸಭಾಪತಿ ಆಗ ಅವಳ ಪರವಾಗಿದ್ದ. "ಭಾಷಾ ಎಲ್ಲಿಗಿ ಮುಗೀತೈತಿ, ಗೆರಿ ಅಲ್ಲಿ" ಎಂದು ನೂಲನ್ನು ಏಣಿನಿಂದ ಕೆಳಗೆ, ದಕ್ಷಿಣಕ್ಕೆ ಇಳಿಸಿದ.

ಬೀಳಗಿಯವಳು ಕೈ ಎತ್ತಿದಳು. "ನಮ್ಮ ಮಾವ ಕುರಿ ಹೊಡಕೊಂಡು ಸಾಂಗಲಿ ಕಡೆ ಹೋದಾಗ ಮರಾಠಿ ಮಾತಾಡತಾನ. ಹೊಳ್ಳಿ ಬಂದಾಗ ಕನ್ನಡ. ಅವನ್ನ ಯಾವ ಕಡೆ ಇಡತೀಯೋ ಸಭಾಪತಿ?"

ಇಡೀ ತರಗತಿ ಬಿದ್ದು ಬಿದ್ದು ನಕ್ಕಿತು. ನಮ್ಮ ಕಡೆ ಮನೆಯಲ್ಲೊಂದು, ಅಂಗಡಿಯಲ್ಲೊಂದು ಭಾಷೆ ಆಡದವರು ಕಡಿಮೆ. ನಕ್ಕ ಮೇಲೆ ಎಲ್ಲರೂ ನಕ್ಷೆಯ ಕಡೆ ತಿರುಗಿ ನೋಡಿದರು. ನನಗೆ ಬೇಕಾದದ್ದು ಆ ನೋಟವೇ. ಅಂದು ಬಸ್ಸಿನಲ್ಲಿ ನಿಂತು ಬಂದರೂ ಕಾಲು ನೋಯಲಿಲ್ಲ. ವಿಭಾಗ ಉಳಿದೀತು ಎಂದು ಮೊದಲ ಸಲ ಅನ್ನಿಸಿತು.

ಮುಂದಿನ ತಾಲೀಮಿನಲ್ಲಿ ಎಲ್ಲ ತಿರುಗುಮುರುಗಾಯಿತು. ಸಭಾಪತಿ ಬಂದವನೇ "ರಕ್ಷಣಾ ದೃಷ್ಟಿಯಿಂದ" ಎಂದು ನೂಲನ್ನು ಎತ್ತಿ ಏಣಿನ ಮೇಲೆ ಚುಚ್ಚಿದ. ಊರುಗಳ ಹೆಸರು ಓದಲಿಲ್ಲ. ಮುಧೋಳದವ ಕೈಮುಗಿದು ಧನ್ಯವಾದ ಹೇಳಿದ. ಅವನು ಯಾರಿಗಾದರೂ ಧನ್ಯವಾದ ಹೇಳಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. ತೇರದಾಳದವಳು ಕೂಗಾಡಿದಳು. "ಸೋತವರು ಅಷ್ಟೊಂದು ಒದರಬಾರದು" ಎಂದು ಸಭಾಪತಿ ನಯವಾಗಿ ಹೇಳಿ ಮುಂದಿನ ವಿಷಯಕ್ಕೆ ಹೋದ. ಕುರಿಗಾರರ ಮಾತು ಕಾರ್ಯಕ್ರಮದಿಂದಲೇ ಮಾಯವಾಗಿತ್ತು.

"ಟೈಮ್ ಇಲ್ರಿ ಮೇಡಂ" ಎಂದ ಸಭಾಪತಿ. "ಅಧ್ಯಕ್ಷರ ಮುಂದ ಕುರಿ-ಗಿರಿ ವಿಷಯ ಯಾಕ್ರಿ? ಪ್ರಾಚಾರ್ಯರೂ ಅಂದಾರ, ಜಗಳ ಬ್ಯಾಡ, ನಗುನಗುತಾ ಮುಗಸ್ರಿ ಅಂತ."

"ಪ್ರಾಚಾರ್ಯರು ನಿನ್ನ ಹತ್ತಿರ ಯಾವಾಗ ಮಾತಾಡಿದರು?"

"ಹಂಗ ಸಿಕ್ಕಿದ್ರರಿ."

ಹಂಗ ಸಿಕ್ಕಿದ್ದರಂತೆ! ಸಂಜೆ ಬಸ್ ನಿಲ್ದಾಣದಲ್ಲಿ ನೋಡುತ್ತೇನೆ, ಒಂದೇ ಬೆಂಚಿನಲ್ಲಿ ಕೂಡದ ಸಭಾಪತಿ, ಇಟಲಿ ಇಬ್ಬರೂ ಒಂದೇ ಪ್ಲೇಟಿನಲ್ಲಿ ಗಿರಮಿಟ್ಟು ತಿನ್ನುತ್ತಿದ್ದಾರೆ. ನನ್ನನ್ನು ಕಂಡು ಇಬ್ಬರೂ ಒಟ್ಟಿಗೆ ನಮಸ್ಕಾರ ಮಾಡಿದರು. ನನ್ನ ಸಂಶಯಕ್ಕೆ ಅಷ್ಟು ಸಾಕಾಗಿತ್ತು. ಆ ಹೊತ್ತಿಗೆ ಕಾಲೇಜಿನಲ್ಲಿ ವಿದ್ಯಾರ್ಥಿ ಒಕ್ಕೂಟದ ಕಾರ್ಯದರ್ಶಿಯ ಆಯ್ಕೆ ಹತ್ತಿರ ಬಂದಿತ್ತು. ಜಮಖಂಡಿಯವನಿಗೆ ಆ ಜಾಗದ ಮೇಲೆ ಕಣ್ಣು. ಮುಧೋಳದವನ ಹಿಂದೆ ಆ ಕಡೆಯ ಬಸ್ಸುಗಳಲ್ಲಿ ಬರುವ ಹುಡುಗರ ದೊಡ್ಡ ಗುಂಪು. ಎರಡಕ್ಕೆ ಎರಡು ಕೂಡಿಸಲು ಇತಿಹಾಸದ ಪದವಿ ಬೇಕಿಲ್ಲ.

ಮರುದಿನ ಎಲ್ಲರ ಎದುರು ಕೇಳಿದೆ. "ನೀವಿಬ್ಬರೂ ಒಳಗೊಳಗೇ ಏನಾದರೂ ಮಾತಾಡಿಕೊಂಡಿದ್ದೀರಾ?"

"ಛೇ ಛೇ, ದೇವರಾಣಿ ಇಲ್ರಿ" ಎಂದರು ಇಬ್ಬರೂ ಕೂಡಿಯೇ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಇವರು ಒಬ್ಬರ ಹೆಗಲನ್ನು ಇನ್ನೊಬ್ಬರು ನೋಡಿಕೊಂಡರು. ಜಮಖಂಡಿಯವ ಮೇಲೆ ಇಷ್ಟು ಸೇರಿಸಿದ. "ನೀವು ಭಾಳ ಸಂಶಯ ಪಡತೀರಿ ಮೇಡಂ."

ನನ್ನ ಹತ್ತಿರ ಪುರಾವೆ ಇರಲಿಲ್ಲ. ಪುರಾವೆಗಿಂತ ದೊಡ್ಡ ತೊಡಕು ಬೇರೆ ಇತ್ತು. ಪ್ರಾಚಾರ್ಯರು ಬಾಗಿಲಲ್ಲಿ ನಿಂತು ಹೊಸ ತಾಲೀಮು ನೋಡಿ "ಈಗ ನೋಡ್ರಿ, ಎಷ್ಟ ಚಂದ ಆಗೇತಿ" ಎಂದು ಹೋಗಿದ್ದರು. ಜಗಳವಿಲ್ಲ, ಕೂಗಾಟವಿಲ್ಲ, ಅಧ್ಯಕ್ಷರು ಮೆಚ್ಚುವಂಥ ಅಚ್ಚುಕಟ್ಟಾದ ಅರ್ಧ ತಾಸು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ನಾನೂ ಲೆಕ್ಕ ಹಾಕತೊಡಗಿದೆ. ಕಾರ್ಯಕ್ರಮ ಕೆಡಿಸಿ ವಿಭಾಗ ಉಳಿಸಲು ಆಗುತ್ತದೆಯೇ? ಸಿಟ್ಟು ಬಂದಿತ್ತು, ಅದಕ್ಕಿಂತ ಹೆಚ್ಚಾಗಿ ಹೆದರಿಕೆಯಾಗಿತ್ತು.

ತರಗತಿ ಬಿಟ್ಟ ಮೇಲೆ ಬೀಳಗಿಯವಳು ಉಳಿದಳು. ಅಂದು ನಗು ಇರಲಿಲ್ಲ.

"ನನ್ನ ಮಾತು ತಗದಾರ್ರಿ ಮೇಡಂ."

"ಗೊತ್ತು. ಆ ಕಾಲದಲ್ಲೂ ಕುರಿಗಾರರನ್ನು ಯಾರೂ ಸಮ್ಮೇಳನಕ್ಕೆ ಕರೆದಿರಲಿಲ್ಲ."

"ಅವಾಗ ಕರೀಲಿಲ್ಲ ಅಂದ್ರ ಈಗೂ ಕರೀಬಾರದೇನ್ರಿ?"

ನಾನು ಪುಸ್ತಕಗಳನ್ನು ಚೀಲಕ್ಕೆ ಹಾಕತೊಡಗಿದೆ. ಅವಳೇ ಮುಂದುವರಿಸಿದಳು. "ಇವರ ದೇವರಾಣಿ ಖರೆ ಆಣಿ ಅಲ್ರಿ. ಬಾಯಿಲೆ ಅಂದದ್ದನ್ನ ನಮ್ಮ ಮಂದಿ ನಂಬೂದಿಲ್ಲ. ಕುರಿ ದಾಟೂ ದಾರಿ ಸಂಬಂಧ ಹೊಲದವರ ಜೋಡಿ ತಕರಾರು ಬಂತಂದ್ರ ನಮ್ಮಪ್ಪ ಹೆಗಲ ಮ್ಯಾಲಿನ ಕಂಬಳಿ ಹಾಸತಾನ. ಅದರ ಮ್ಯಾಲ ಬೀರಪ್ಪನ ಭಂಡಾರ ಹಾಕತಾನ. ಎರಡೂ ಕಡೆಯವರು ಮುಟ್ಟಿ ಮಾತಾಡಬೇಕು. ಹೊಲದವರು ಯಾರ ಇರಲಿ, ಅದನ್ನ ಮುಟ್ಟಿ ಸುಳ್ಳು ಹೇಳೂದಿಲ್ರಿ. ಹೇಳೂದಿದ್ರ ಮುಟ್ಟೂದ ಇಲ್ಲ."

ಅರಿಸಿನದ ಆ ಪುಡಿಗೆ ನಮ್ಮ ಸೀಮೆಯಲ್ಲಿರುವ ಮಾನ ನನಗೂ ಗೊತ್ತು. ಯಾವ ಮನೆಯವರೇ ಆಗಲಿ, ಬೀರಪ್ಪನ ಭಂಡಾರ ಮುಟ್ಟಿ ಸುಳ್ಳಾಡಿದವರನ್ನು ನಾನು ಕಂಡಿಲ್ಲ.

"ತರಲೇನ್ರಿ?" ಎಂದಳು.

ಹೂಂ ಅನ್ನಲಿಲ್ಲ, ಊಹೂಂ ಅನ್ನಲೂ ಇಲ್ಲ. "ನೋಡೋಣ" ಎಂದೆ. ನೋಡೋಣ ಎಂದರೆ ನಮ್ಮ ಆಡಳಿತ ಮಂಡಳಿಯ ಭಾಷೆಯಲ್ಲಿ ಬೇಡ ಎಂದರ್ಥ. ಅವಳ ಭಾಷೆಯಲ್ಲಿ ಏನರ್ಥವೆಂದು ನಾನು ಕೇಳಲಿಲ್ಲ.

ಕಾರ್ಯಕ್ರಮದ ದಿನ ಹಾಲಿನಲ್ಲಿ ಜನ ತುಂಬಿದ್ದರು. ಆಡಳಿತ ಮಂಡಳಿಯ ಅಧ್ಯಕ್ಷರು ಊರಿನ ದೊಡ್ಡ ವ್ಯಾಪಾರಸ್ಥರು, ಮಿತಭಾಷಿ, ಹಣೆತುಂಬ ವಿಭೂತಿ. ಅವರಿಗೆ ಶಾಲು, ಹಾರ, ಮುಂದಿನ ಸಾಲಿನಲ್ಲಿ ಸೋಫಾ. ಅವರ ಪಕ್ಕ ಪ್ರಾಚಾರ್ಯರು. ಎದುರಿಗೆ ಗೋಡೆಯ ಮೇಲೆ ನಮ್ಮ ಒಗೆದ ಆಲ್ಪ್ಸ್, ಅದರ ಮೇಲೆ ಕೆಂಪು ನೂಲು. ನಕ್ಷೆಯ ಅಕ್ಕಪಕ್ಕ ಗೆದ್ದವರ ಮೇಜು, ಸೋತವರ ಮೇಜು. ನಡುವೆ ಖಾಲಿ ಜಾಗ, ಅಲ್ಲಿಂದ ಬಾಗಿಲಿಗೆ ದಾರಿ.

ಸಭಾಪತಿ ಚೆಂದವಾಗಿ ಮಾತಾಡಿದ. ಇಟಲಿ ಕೇಳಿತು, ಸಭಾಪತಿ ಕೊಟ್ಟ, ಆಸ್ಟ್ರಿಯಾ ಕಣ್ಣಲ್ಲೇ ಬೈಯುತ್ತ ತಲೆ ತಗ್ಗಿಸಿತು. ಅಧ್ಯಕ್ಷರು ಗಡಿಯಾರ ನೋಡಿಕೊಂಡರು. ಸಹಿಗೆಂದು ಪೆನ್ನು ಹೊರಬಂತು.

ಆಗ ಬೀಳಗಿಯವಳು ಎದ್ದಳು. ಚೀಲದಿಂದ ಕರಿ ಕಂಬಳಿ ತೆಗೆದು, ಕೊಡವಿ, ಎರಡೂ ಮೇಜಿನ ನಡುವೆ ಹಾಸಿದಳು. ಸೆರಗಿನ ತುದಿಯ ಗಂಟು ಬಿಚ್ಚಿ ಭಂಡಾರ ಹಾಕಿದಳು. ಹಿಂದಿನ ಸಾಲಿನಲ್ಲಿ ಯಾರೋ ಚಪ್ಪಲಿ ಕಳಚಿದ ಸದ್ದು ಕೇಳಿತು.

"ನಾವು ಕುರಿಗಾರರು" ಎಂದಳು. "ನಮ್ಮನ್ನ ಯಾರೂ ಕರದಿಲ್ಲ, ನಾವ ಬಂದೀವಿ. ಸಹಿ ಮಾಡೂ ಮುಂದ ಗೆದ್ದವರು ಇಬ್ಬರೂ ಇದನ್ನ ಮುಟ್ಟಿ ಒಂದು ಮಾತು ಹೇಳಲಿ. ಈ ಗೆರಿ ಇಲ್ಲೇ, ಎಲ್ಲಾರ ಮುಂದ ಹಾಕಿದ್ದು. ಮೊದಲ ಬ್ಯಾರೆ ಕಡೆ ಹಾಕಿ ಬಂದದ್ದಲ್ಲ."

ಪ್ರಾಚಾರ್ಯರು ಸೋಫಾದಿಂದ ಅರ್ಧ ಎದ್ದು ನನ್ನ ಕಡೆ ಕೈಸನ್ನೆ ಮಾಡಿದರು. ನಿಲ್ಲಿಸು ಎಂದು. ಒಂದು ಮಾತು ಸಾಕಿತ್ತು, "ಕೂಡವ್ವಾ" ಎಂದರೆ ಅವಳು ಕೂಡುತ್ತಿದ್ದಳು. ಎಲ್ಲರೂ ನಗುನಗುತ್ತ ಸಹಿ ಮಾಡುತ್ತಿದ್ದರು. ನನ್ನ ಕೆಲಸ ಉಳಿದರೂ ಉಳಿಯುತ್ತಿತ್ತು. ಆದರೆ ಯಾವ ವಿಷಯವನ್ನು ಉಳಿಸಿಕೊಳ್ಳಲು ನಾನು ಅವಳ ಬಾಯಿ ಮುಚ್ಚಿಸಬೇಕಿತ್ತೋ ಆ ವಿಷಯದಲ್ಲಿ ಕಲಿಸುವಂಥದ್ದು ಆಮೇಲೆ ಏನು ಉಳಿಯುತ್ತಿತ್ತು?

"ಇದೂ ಕಾರ್ಯಕ್ರಮದಲ್ಲೇ ಇದೆ ಸರ್" ಎಂದೆ. ನನ್ನ ದನಿ ನನಗೇ ಗಟ್ಟಿಯಾಗಿ ಕೇಳಿತು.

ಸಭಾಪತಿ ಎದ್ದು ನಿಂತ, ಮುಂದೆ ಬರಲಿಲ್ಲ. "ಇದು ಇತಿಹಾಸದಾಗ ಇಲ್ಲ" ಎಂದು ಗೊಣಗಿದ. ಮುಧೋಳದವ ಮಾತ್ರ ಬಂದ. ಬೂಟು ಕಳಚಿ ಮೊಣಕಾಲೂರಿ ಕೈ ಚಾಚಿದ. ಬೆರಳು ಭಂಡಾರದ ಹತ್ತಿರ ಹೋಗಿ ನಿಂತಿತು. ಕೈ ಹಿಂದಕ್ಕೆ ತೆಗೆದುಕೊಂಡು ಸಭಾಪತಿಯ ಕಡೆ ತಿರುಗಿದ.

"ನನ್ನಿಂದ ಆಗೂದಿಲ್ಲ ಲೇ. ಇದು ಬ್ಯಾರೆ" ಎಂದ. ಆಮೇಲೆ ಎಲ್ಲರಿಗೂ ಕೇಳುವಂತೆ ಹೇಳಿದ. "ಗೆರಿ ನನಗ ಕೊಡಾಂವ ಅಂವ. ನಮ್ಮ ಹುಡುಗೂರು ಒಕ್ಕೂಟಕ್ಕ ಅಂವನ್ನ ಆರಸೋರು. ಹಂಗ ಮಾತಾಗಿತ್ತು."

ಇಡೀ ಹಾಲು ಹೋ ಎಂದಿತು. ತೇರದಾಳದವಳು ಮೇಜು ಹತ್ತುವುದೊಂದು ಬಾಕಿ. "ನಾ ಅವಾಗ ಹೇಳಿದ್ನಿ! ನಾ ಸೋತಿಲ್ಲ, ನನ್ನ ಮಾರ್ಯಾರ!" ಜಮಖಂಡಿಯವನ ಮುಖ ಕೆಂಪಾಗಿತ್ತು. ಅವನ ಬಗ್ಗೆ ನಾನು ಒಂದು ಮಾತು ಹೇಳಲೇಬೇಕು, ಅವನು ಓಡಿಹೋಗಲಿಲ್ಲ. ನಕ್ಷೆಯ ಹತ್ತಿರ ಹೋಗಿ ಟಾಚಣಿಗಳನ್ನು ಒಂದೊಂದಾಗಿ ಕಿತ್ತ. "ಆತು, ಮತ್ತ ಮೊದಲಿಂದ ಮಾಡೂಣು" ಎಂದ.

ಆಗಲೇ ನಾನು ಕಟ್ಟಿಟ್ಟ ಗಂಟು ಬಿಚ್ಚಿದೆ. ನಿಜವಾದ ಸಮ್ಮೇಳನದಲ್ಲೂ ಹೀಗೆಯೇ ಆಗಿತ್ತು ಎಂದು ಹೇಳಿದೆ. ಯುದ್ಧ ನಡೆದಿದ್ದಾಗಲೇ, ಇಟಲಿಯನ್ನು ತಮ್ಮ ಕಡೆ ಎಳೆದುಕೊಳ್ಳಲು ದೊಡ್ಡ ದೇಶಗಳು ಲಂಡನ್ನಿನಲ್ಲಿ ಗುಟ್ಟಾಗಿ ಆ ಏಣನ್ನು ಬರೆದುಕೊಟ್ಟಿದ್ದವು. ಪ್ಯಾರಿಸ್ಸಿನಲ್ಲಿ ಎಲ್ಲರ ಮುಂದೆ ನಡೆದ ಮಾತೆಲ್ಲ ಅದಾದ ಮೇಲಿನದು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎನ್ನುವ ಹಾಗೆ ಕಣಿವೆಯ ಜನ ಒಂದು ದೇಶದಲ್ಲಿ ಮಲಗಿ ಇನ್ನೊಂದು ದೇಶದಲ್ಲಿ ಎದ್ದರು. ಕುರಿ ಈ ಕಡೆ, ಹುಲ್ಲು ಆ ಕಡೆ ಆಯಿತು. ಆದರೂ ಕುರಿಗಾರರು ಹಳೆಯ ಹಕ್ಕು ಬಿಡಲಿಲ್ಲ, ಇವತ್ತಿಗೂ ಅವರ ಕುರಿಗಳು ಬೇಸಿಗೆಗೆ ಆ ಗಡಿ ದಾಟಿಯೇ ಮೇಯಲು ಹೋಗುತ್ತವೆ.

"ದಾಟತಾವ್ರಿ?" ಎಂದು ಬೀಳಗಿಯವಳು ಕೇಳಿದಳು. ಅವಳ ಮುಖ ಅರಳಿತ್ತು. "ಹಂಗಾರ ಅದನ್ನೂ ಬರೀರಿ. ಗೆರಿ ಎಲ್ಲೆ ಬೇಕಾದ್ರೂ ಹಾಕ್ರಿ, ಕುರಿ ದಾರಿ ಬಿಡ್ರಿ."

ಆಮೇಲೆ ನಡೆದದ್ದು ತಾಲೀಮಿನಲ್ಲಿ ಇಲ್ಲದ ಸಮ್ಮೇಳನ. ಪೂರ್ತಿ ಗದ್ದಲ, ಪೂರ್ತಿ ಜಗಳ. ಮುಂದಿನ ಸಾಲಿನ ಲೆಕ್ಕಶಾಸ್ತ್ರದ ಮೇಷ್ಟ್ರು ಕೂಡ ಎದ್ದು ಬಂದು ನೂಲು ಎಳೆದರು. ಗೆರೆ ಕೊನೆಗೆ ಏಣಿಗೂ ಕಣಿವೆಗೂ ನಡುವೆ ಎಲ್ಲೋ ನಿಂತಿತು, ಯಾರಿಗೂ ಪೂರ್ತಿ ಹಿಡಿಸಲಿಲ್ಲ. ಆದರೆ ಈ ಸಲ ಸಭಾಪತಿ, ಇಟಲಿ, ಆಸ್ಟ್ರಿಯಾ ಮೂವರೂ ಭಂಡಾರ ಮುಟ್ಟಿ ಸಹಿ ಮಾಡಿದರು. ನನ್ನ ಮಕ್ಕಳ ಮೇಲೆ ಅಂದು ಬಂದಷ್ಟು ಹೆಮ್ಮೆ ಇನ್ನೊಮ್ಮೆ ಬಂದದ್ದಿಲ್ಲ.

ಅಧ್ಯಕ್ಷರು ಚಪ್ಪಾಳೆ ತಟ್ಟಿದರು. ಮೈಕ್ ಹಿಡಿದು ಮಾತಾಡಿದರು. "ಭಾಳ ಛಲೋ ಮಾಡೀರಿ. ನಾ ಇಂಥಾದ್ದು ನೋಡಿರಲಿಲ್ಲ. ಇತಿಹಾಸ ವಿಭಾಗದ ಬಗ್ಗೆ ಏನೇನೋ ಸುದ್ದಿ ಹಬ್ಬಸ್ಯಾರ. ಇನ್ನೂ ಏನೂ ನಿರ್ಧಾರ ಆಗಿಲ್ಲ. ಯಾರೂ ಸಂಶಯ ಇಟ್ಕೋಬ್ಯಾಡ್ರಿ."

ಮತ್ತೆ ಚಪ್ಪಾಳೆ. ನಾನೂ ತಟ್ಟಿದೆ. ಪ್ರಾಚಾರ್ಯರು ನನ್ನ ಕಡೆ ನೋಡಿ ನಕ್ಕರು. ಅವ್ವನ ಮಾತು ನೆನಪಾಯಿತು, ಎಲ್ಲದಕ್ಕೂ ನೀರೆಷ್ಟು ಎಂದು ಕೇಳುವ ಈ ಚಾಳಿ ಬಿಡಬೇಕು ಅನ್ನಿಸಿತು.

ಅಧ್ಯಕ್ಷರು ಹೊರಟರು. ಬಾಗಿಲಿಗೆ ಹೋಗುವ ದಾರಿಯಲ್ಲಿ, ಎರಡು ಮೇಜಿನ ನಡುವೆ ಕಂಬಳಿ ಹಾಗೆಯೇ ಹಾಸಿತ್ತು. ಅದರ ಹತ್ತಿರ ಬಂದಾಗ ಹಿಂದಿನ ಸಾಲಿನಿಂದ ಯಾರೋ ಹುಡುಗ ಕೂಗಿದ. "ಸರ್, ಅದನ್ನ ಮುಟ್ಟಿ ಒಮ್ಮೆ ಹೇಳ್ರಿ!"

ಎಲ್ಲರೂ ನಕ್ಕರು. ಅಧ್ಯಕ್ಷರೂ ನಕ್ಕರು. ಹುಡುಗಾಟಿಕೆಯೆಂದು ನಾನು ಗದರಿಸಲು ಬಾಯಿ ತೆಗೆದೆ. ಅಷ್ಟರಲ್ಲಿ ಅವರ ನಗು ನಿಂತಿತು. ಭಂಡಾರವನ್ನು ನೋಡಿದರು. ದೂರದಿಂದಲೇ ಎರಡೂ ಕೈ ಜೋಡಿಸಿ ಹಣೆಗೆ ಹಚ್ಚಿಕೊಂಡರು. ಆಮೇಲೆ ಧೋತರದ ಅಂಚನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು, ಕಂಬಳಿಗೆ ತಾಗದಂತೆ, ಸೋತವರ ಮೇಜಿನ ಹಿಂದಿನಿಂದ ಸುತ್ತು ಹಾಕಿಕೊಂಡು ಹೊರಗೆ ಹೋದರು. ಪ್ರಾಚಾರ್ಯರೂ ಅದೇ ದಾರಿಯಲ್ಲಿ ಅವರ ಹಿಂದೆ ಹೋದರು.

ಮಕ್ಕಳು ಇನ್ನೂ ನಗುತ್ತಿದ್ದರು. ಅಧ್ಯಕ್ಷರು ಮುಟ್ಟದೆ ಹೋದದ್ದನ್ನು ಅವರು ಗಮನಿಸಲಿಲ್ಲ.

ಹಾಲು ಖಾಲಿಯಾದ ಮೇಲೆ ಬೀಳಗಿಯವಳೂ ನಾನೂ ಕಂಬಳಿ ಮಡಚಲು ನಿಂತೆವು. ಆ ತುದಿ ಅವಳು ಹಿಡಿದಳು, ಈ ತುದಿ ನಾನು. ಭಂಡಾರ ನನ್ನ ಬೆರಳಿಗೆಲ್ಲ ಹತ್ತಿತ್ತು. ಅವಳ ಮಾತು ನಿಲ್ಲುತ್ತಲೇ ಇರಲಿಲ್ಲ. ಅವಳ ತಂಗಿ ಬರುವ ವರ್ಷ ಇದೇ ಕಾಲೇಜಿಗೆ ಬರುತ್ತಾಳಂತೆ, ಇತಿಹಾಸವನ್ನೇ ತಗೊಳ್ಳುತ್ತಾಳಂತೆ.

"ಅಕಿಗೂ ಇದನ್ನ ಮಾಡಸ್ತೀರಲ್ರೀ ಮೇಡಂ? ಬರೂ ವರ್ಷ ನೀವು ಇರತೀರಲ್ರೀ?"

ಇರುತ್ತೇನೆ ಎನ್ನಲು ಬಾಯಿ ತೆರೆದೆ. ಭಂಡಾರ ಹತ್ತಿದ ಕಂಬಳಿ ಇನ್ನೂ ನನ್ನ ಕೈಯಲ್ಲಿತ್ತು.

"ಇಲ್ಲವ್ವಾ" ಎಂದೆ.